ಕೇಳಿ ಬರೆದ ವಿಮರ್ಶೆ: ರಾತ್ರಿ ಒಂಬತ್ತರ ಸುದ್ದಿಯ ಕನ್ನಡ

ನನ್ನ ತಾಯಿಗೆ ಈಗ 78 ವರ್ಷ. ಕಣ್ಣಿನ ತೊಂದರೆಯಿಂದಾಗಿ ಮೂರು ವರ್ಷಗಳಿಂದ ಅವರಿಗೆ ಪತ್ರಿಕೆ ಓದಲು ಆಗುತ್ತಿಲ್ಲ; ಟಿವಿಯ ಪರದೆಯೂ ಬಣ್ಣಗಳ ಮಬ್ಬಾಗಿ ಮಾತ್ರ ಕಾಣುತ್ತದೆ. ತೀರ್ಥಹಳ್ಳಿಯಿಂದ ಮಂಡಗದ್ದೆಯ ಕಡೆಗೆ ಹೋಗುವ ದಾರಿಯಲ್ಲಿ, ತುಂಗೆಯ ದಡದ ನಮ್ಮ ಮನೆಯಲ್ಲಿ ಅವರು ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಟಿವಿಯ ಎದುರು ಬಂದು ಕೂರುತ್ತಾರೆ. ನೋಡುವುದಕ್ಕಲ್ಲ, ಕೇಳುವುದಕ್ಕೆ. ಕಳೆದ ಮಳೆಗಾಲದಲ್ಲಿ ಆರು ವಾರ ನಾನು ಅವರ ಜೊತೆಯಲ್ಲಿದ್ದೆ. ಪ್ರತಿ ರಾತ್ರಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಪರದೆಯ ಕಡೆ ನೋಡದೆ, ಅವರು ಕೇಳುವಂತೆಯೇ ನಾನೂ ಸುದ್ದಿಯನ್ನು ಕೇಳಿದೆ. ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕಿವಿಗೆ ಬಿದ್ದ ಮಾತುಗಳನ್ನು ಬರೆದುಕೊಂಡೆ. ಈ ವಿಮರ್ಶೆ ಹುಟ್ಟಿದ್ದು ಆ ಟಿಪ್ಪಣಿಗಳಿಂದ.

ನಾನು ವಿಮರ್ಶಿಸುತ್ತಿರುವುದು ಕನ್ನಡದ ಖಾಸಗಿ ಸುದ್ದಿವಾಹಿನಿಯೊಂದರ ರಾತ್ರಿಯ ಸುದ್ದಿಸೇವೆಯನ್ನು. ವಾಹಿನಿಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ದೋಷವೆಲ್ಲ ಅದೊಂದರದೇ ಎಂಬ ಭಾವನೆ ಬರುತ್ತದೆ. ಜಾಹೀರಾತು ಬಂದಾಗ ರಿಮೋಟ್ ಒತ್ತಿ ಬೇರೆ ವಾಹಿನಿಗೆ ಹೋದಾಗಲೂ ನಮಗೆ ಕೇಳಿಸಿದ್ದು ಹೆಚ್ಚುಕಡಿಮೆ ಅವೇ ಮಾತುಗಳು, ಅದೇ ಏರುದನಿ. ಬೆಲೆಯ ವಿಷಯಕ್ಕೆ ಬಂದರೆ, ಕನ್ನಡದ ಸುದ್ದಿವಾಹಿನಿಗಳು ಬಹುಮಟ್ಟಿಗೆ ಉಚಿತ ವಾಹಿನಿಗಳೇ. ಆದರೆ ಅವು ಮನೆಗೆ ಬರುವ ಸಂಪರ್ಕ ಉಚಿತವಲ್ಲ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊಸ ದರವ್ಯವಸ್ಥೆಯನ್ನು ತಂದಾಗ ಮೊದಲ 100 ವಾಹಿನಿಗಳ ಸಂಪರ್ಕಕ್ಕೆ ತಿಂಗಳಿಗೆ ಗರಿಷ್ಠ 130 ರೂಪಾಯಿ, ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ ಎಂದು ನಿಗದಿಯಾಗಿತ್ತು. ಆಮೇಲೆ ದರಗಳು ಬದಲಾಗಿವೆ. ನನ್ನ ತಾಯಿ ಧಾರಾವಾಹಿಗಳನ್ನು ಕೇಳುವುದಿಲ್ಲ, ಸಿನಿಮಾ ಹಾಕಿಸಿಕೊಳ್ಳುವುದಿಲ್ಲ. ಅವರ ಮಟ್ಟಿಗೆ ಆ ಹಣ ಪೂರ್ತಿಯಾಗಿ ಸುದ್ದಿಗೆ ಕೊಟ್ಟ ಹಣ. ಹಾಗಾಗಿ ಕೊಟ್ಟ ಹಣಕ್ಕೆ ಸುದ್ದಿ ಸಿಗುತ್ತದೆಯೇ ಎಂದು ಕೇಳುವ ಹಕ್ಕು ಅವರಿಗಿದೆ.

ಮೊದಲ ರಾತ್ರಿಯ ಟಿಪ್ಪಣಿಯಿಂದಲೇ ಆರಂಭಿಸುತ್ತೇನೆ. ಸಂಗೀತದ ಅಬ್ಬರ ಇಳಿಯುವ ಮೊದಲೇ ‘ಬಿಗ್ ಬ್ರೇಕಿಂಗ್’ ಎಂಬ ಕೂಗು. ಹಿಂದೆಯೇ ‘ಸ್ಫೋಟಕ ಮಾಹಿತಿ’, ‘ಬೆಚ್ಚಿ ಬೀಳಿಸುವ ಸತ್ಯ’, ‘ಪ್ರಕರಣಕ್ಕೆ ಬಿಗ್ ಟ್ವಿಸ್ಟ್’, ‘ಸಾವಿನ ಸುತ್ತ ಅನುಮಾನದ ಹುತ್ತ’, ‘ಖಾಕಿ ಖಡಕ್ ವಾರ್ನಿಂಗ್’, ‘ವರುಣನ ಆರ್ಭಟ’, ‘ತುಂಗೆಯ ರೌದ್ರಾವತಾರ’. ಇಷ್ಟೂ ಮುಗಿದ ಮೇಲೆ ತಾಯಿ ನನ್ನ ಕಡೆ ತಿರುಗಿ, ‘ಏನಾಯ್ತಂತೆ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ನಿಮಿಷಗಳ ಮಾತಿನಲ್ಲಿ ಊರಿನ ಹೆಸರು ಬಂದಿರಲಿಲ್ಲ, ಹೊತ್ತು ಬಂದಿರಲಿಲ್ಲ, ಎಷ್ಟು ಜನ, ಎಷ್ಟು ನೀರು, ಯಾರು ಹೇಳಿದ್ದು ಎಂಬುದೂ ಇರಲಿಲ್ಲ. ಪರದೆ ನೋಡುವವರಿಗೆ ಅಕ್ಷರಗಳ ಪಟ್ಟಿಯಲ್ಲಿ ಒಂದಿಷ್ಟು ವಿವರ ಸಿಕ್ಕಿರಬೇಕು. ಕಿವಿಯನ್ನೇ ನಂಬಿ ಕೂತವರಿಗೆ ಸಿಕ್ಕಿದ್ದು ಬರೀ ವಿಶೇಷಣಗಳು.

ಮಳೆಯ ಸುದ್ದಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಆ ಆರು ವಾರ ನಮಗೆ ನಿಜವಾಗಿ ಬೇಕಾಗಿದ್ದ ಸುದ್ದಿ ಅದೇ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಇಂಥ ಸೀಮೆಯವರಿಗೆ ‘ವರುಣನ ಆರ್ಭಟ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಆಷಾಢದಲ್ಲಿ ಮಳೆ ಬರುತ್ತದೆ ಎಂಬುದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ತುಂತುರು ಬಿದ್ದ ದಿನವೂ ಆರ್ಭಟ, ಮರ ಉರುಳಿ ರಸ್ತೆ ಮುಚ್ಚಿದ ದಿನವೂ ಆರ್ಭಟ. ಎರಡನೇ ವಾರದಲ್ಲಿ ತಾಯಿ ಸ್ವಲ್ಪ ಬೇಸರದಿಂದಲೇ, ‘ಮಳೆ ಬಂತು ಅನ್ನೋದು ನಂಗೂ ಗೊತ್ತು ಮಾರಾಯ, ಎಲ್ಲಿ ಬಂತು, ಎಷ್ಟು ಬಂತು ಅದನ್ನ ಹೇಳು’ ಎಂದು ಟಿವಿಗೇ ಹೇಳಿದರು.

ಎಷ್ಟು ಬಂತು ಎಂದು ಹೇಳುವುದಕ್ಕೆ ಮಾತುಗಳಿಲ್ಲದೆ ಇಲ್ಲ. ಹವಾಮಾನ ಇಲಾಖೆಗೆ ಅದರದೇ ಖಚಿತವಾದ ಶಬ್ದಗಳಿವೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್‌ವರೆಗೆ ಬಿದ್ದರೆ ಅದು ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮೀರಿದರೆ ಅತ್ಯಂತ ಭಾರಿ. ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನ ಲೆಕ್ಕ ಅದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೇ ಇವೆ. ಅಂಕಿಗಳು ಬೇಡವೆನ್ನುವುದಾದರೆ ಆಡುಮಾತಿನಲ್ಲಿಯೂ ಬಡತನವಿಲ್ಲ: ಜಿಟಿಜಿಟಿ ಮಳೆ, ಸೋನೆ, ಜಡಿಮಳೆ, ಹದಮಳೆ, ಅಡ್ಡಮಳೆ, ಆಲಿಕಲ್ಲಿನ ಮಳೆ. ರೈತರ ಲೆಕ್ಕದಲ್ಲಿ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ನಕ್ಷತ್ರಕ್ಕೊಂದು ಮಳೆ. ಬಯಲುಸೀಮೆಯಲ್ಲಿ ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ. ಪ್ರತಿಯೊಂದು ಹೆಸರೂ ಬೇರೆ ಬೇರೆ ಕೆಲಸದ ಹೊತ್ತನ್ನು ಸೂಚಿಸುತ್ತದೆ. ಇಷ್ಟೆಲ್ಲ ಕೈಯಳತೆಯಲ್ಲಿರುವಾಗ, ಎಲ್ಲ ಮಳೆಗೂ ಒಬ್ಬನೇ ವರುಣನನ್ನು ಕರೆತಂದು ಅವನಿಂದ ಆರ್ಭಟ ಮಾಡಿಸುವ ಸೇವೆಯನ್ನು ಮಳೆಯ ಸುದ್ದಿ ಎಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗಲಿಲ್ಲ.

ಮಾತು ಮತ್ತೆ ಮತ್ತೆ ಬರುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಅದೇ ವಾಹಿನಿಯಲ್ಲಿ ಪ್ರತಿ ರಾತ್ರಿ, ಬಹುಶಃ ಒಂದು ನಿಮಿಷಕ್ಕೂ ಕಡಿಮೆ ಹೊತ್ತು, ಜಲಾಶಯಗಳ ಮಟ್ಟವನ್ನು ಓದುತ್ತಾರೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಭದ್ರಾ 186 ಅಡಿ. ಲಿಂಗನಮಕ್ಕಿ 1,819 ಅಡಿ. ‘ಒಳಹರಿವು’, ‘ಹೊರಹರಿವು’ ಎಂಬ ಶಬ್ದಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನವೂ ಕೇಳಿಸುತ್ತವೆ. ಅವುಗಳ ಮೇಲೆ ಬೇಸರಪಟ್ಟವರನ್ನು ನಾನು ಕಂಡಿಲ್ಲ. ತಾಯಿಯಂತೂ ಆ ಭಾಗ ಬಂದಾಗ ಸ್ವಲ್ಪ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಶಬ್ದ ಅದೇ ಆದರೂ ಅದರ ಪಕ್ಕದ ಅಂಕಿ ದಿನವೂ ಬದಲಾಗುತ್ತದೆ. ಆ ಬದಲಾವಣೆಯೇ ಸುದ್ದಿ. ‘ಸ್ಫೋಟಕ’, ‘ಆರ್ಭಟ’, ‘ಬೆಚ್ಚಿಬಿದ್ದ ಕರುನಾಡು’ ಮುಂತಾದವು ಕಿವಿಗೆ ಚುಚ್ಚುವುದು ಅವುಗಳ ಪಕ್ಕದಲ್ಲಿ ಬದಲಾಗುವ ಸಂಗತಿ ಯಾವುದೂ ಇಲ್ಲದ್ದರಿಂದ. ಸಂಗತಿ ಕೂರಬೇಕಾದ ಮಣೆಯ ಮೇಲೆ ಅವೇ ಬಂದು ಕೂತಿರುತ್ತವೆ.

ಕೆಲವು ಮಾತುಗಳು ಹುಟ್ಟಿದಾಗ ಚೆನ್ನಾಗಿಯೇ ಇದ್ದವು ಎಂಬುದನ್ನು ಒಪ್ಪಬೇಕು. ‘ಅನುಮಾನದ ಹುತ್ತ’ ಎಂದು ಮೊದಲು ಬರೆದವರು ಯಾರೋ ತಿಳಿಯದು, ಆದರೆ ಅವರು ಹುತ್ತವನ್ನು ನೋಡಿ ಬರೆದಿದ್ದಾರೆ. ಗೆದ್ದಲು ಕಣಕಣವಾಗಿ ಮಣ್ಣು ತಂದು ಕಟ್ಟಿದ್ದು, ಹೊರಗಿನಿಂದ ಗಟ್ಟಿ, ಒಳಗೆ ನೂರು ದಾರಿ, ಯಾವ ದಾರಿಯಲ್ಲಿ ಹಾವಿದೆಯೋ ಗೊತ್ತಿಲ್ಲ. ಸಂಶಯ ಬೆಳೆಯುವ ಬಗೆಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ. ‘ಸುತ್ತ’ಕ್ಕೆ ‘ಹುತ್ತ’ ಪ್ರಾಸವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಪ್ರತಿ ಸಾವಿಗೂ ಅಂಟಿಸತೊಡಗಿದ ಮೇಲೆ ಹುತ್ತವೂ ಕಾಣುವುದಿಲ್ಲ, ಹಾವೂ ಕಾಣುವುದಿಲ್ಲ. ‘ಚಕ್ರವ್ಯೂಹ’ದ ಗತಿಯೂ ಅದೇ. ಯಕ್ಷಗಾನದ ರಂಗದಲ್ಲಿ ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕಾಗ ಬೆಳಗಿನ ಜಾವದ ನಿದ್ದೆಗಣ್ಣಿನಲ್ಲೂ ಎದೆ ಬಿಗಿಹಿಡಿಯುತ್ತದೆ. ಹೊರಬರುವ ದಾರಿ ಆ ಹುಡುಗನಿಗೆ ಗೊತ್ತಿಲ್ಲ ಎಂಬುದು ನೋಡುವವರಿಗೆ ಗೊತ್ತು. ನಗರಸಭೆಯ ಸ್ಥಾಯಿ ಸಮಿತಿಯ ಚುನಾವಣೆಗೆ ‘ಚಕ್ರವ್ಯೂಹ’, ಟಿಕೆಟ್ ಹಂಚಿಕೆಗೆ ‘ಬ್ರಹ್ಮಾಸ್ತ್ರ’, ಸಮಾವೇಶಕ್ಕೆ ‘ರಣಕಹಳೆ’, ಪಕ್ಷಗಳಿಗೆ ‘ಕೈ ಪಾಳಯ’, ‘ಕಮಲ ಪಾಳಯ’, ‘ದಳಪತಿಗಳು’ ಎಂದು ದಿನವೂ ಹೇಳಿದರೆ ಅದು ರಾಜಕೀಯದ ವರದಿಯೂ ಆಗುವುದಿಲ್ಲ, ಮಹಾಭಾರತವೂ ಉಳಿಯುವುದಿಲ್ಲ. ಹೋಲಿಸಿ ನೋಡಿದರೆ ‘ಆಪರೇಷನ್ ಕಮಲ’ ಎಂಬ ಮಾತಿಗೆ ಕೆಲಸವಿತ್ತು. 2008ರಲ್ಲಿ ಚಾಲ್ತಿಗೆ ಬಂದಾಗ ಅದು ಶಾಸಕರ ರಾಜೀನಾಮೆ, ಪಕ್ಷಾಂತರ, ಉಪಚುನಾವಣೆ ಎಂಬ ನಿರ್ದಿಷ್ಟ ಸರಣಿಗೆ ಹೆಸರಾಯಿತು. ಹೆಸರಿಲ್ಲದ್ದಕ್ಕೆ ಹೆಸರು ಕೊಟ್ಟ ಮಾತು ಎಷ್ಟು ಸಲ ಬಂದರೂ ಸವೆಯುವುದಿಲ್ಲ.

ನಾಲ್ಕನೆಯ ವಾರದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ನಮ್ಮ ಮನೆಯಿಂದ ಎರಡು ಗದ್ದೆ ಆಚೆಗಿರುವ ಮನೆಯ ಹುಡುಗ ಬೈಕಿನಲ್ಲಿ ಹೋಗುವಾಗ ಲಾರಿ ತಾಗಿ ತೀರಿಕೊಂಡ. ಶವ ಮನೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ನಾನು ಅಲ್ಲಿಯೇ ಇದ್ದೆ. ಹುಡುಗನ ತಾಯಿ ಜಗಲಿಯ ಕಂಬಕ್ಕೆ ಒರಗಿ, ಕಂಬವನ್ನು ಒಂದು ಕೈಯಲ್ಲಿ ಬಳಸಿಕೊಂಡು ಕೂತಿದ್ದರು. ಅಳಲಿಲ್ಲ, ಯಾರ ಮಾತಿಗೂ ಉತ್ತರಿಸಲಿಲ್ಲ. ಇನ್ನೊಂದು ಕೈಯಲ್ಲಿ ಅಡಿಕೆ ಸುಲಿಯುವಾಗ ಹಾಕಿಕೊಳ್ಳುವ ಹಳೆಯ ಬಟ್ಟೆ ಇತ್ತು. ಅದನ್ನು ಮಡಿಚುವುದು, ಬಿಡಿಸುವುದು, ಮತ್ತೆ ಮಡಿಚುವುದು. ಅಂಗಳದಲ್ಲಿ ನಲವತ್ತು ಐವತ್ತು ಜನರಿದ್ದರೂ ಮಾಡಿನ ನೀರು ಕೆಳಗಿನ ಹಂಡೆಗೆ ಬೀಳುವ ಸದ್ದು ಕೇಳಿಸುತ್ತಿತ್ತು. ವಾಹಿನಿಯವರು ಬಂದರು, ಮೈಕು ಹಿಡಿದು ಹತ್ತು ನಿಮಿಷ ಇದ್ದರು, ಹೋದರು. ರಾತ್ರಿಯ ಸುದ್ದಿಯಲ್ಲಿ ಅದು ‘ಜವರಾಯನ ಅಟ್ಟಹಾಸ’ ಎಂದು ಆರಂಭವಾಗಿ ‘ಕುಟುಂಬಸ್ಥರ ಆಕ್ರಂದನ ಮುಗಿಲು ಮುಟ್ಟಿತ್ತು’ ಎಂದು ಮುಗಿಯಿತು. ನನ್ನ ತಾಯಿ ಬಹಳ ಹೊತ್ತು ಸುಮ್ಮನಿದ್ದು, ‘ಅವಳು ಅಳಲೇ ಇಲ್ಲವಲ್ಲ’ ಎಂದರು.

ಆ ವರದಿಗಾರ ಸುಳ್ಳು ಹೇಳಬೇಕೆಂದು ಹೇಳಿದ್ದಾನೆಂದು ನನಗೆ ಅನ್ನಿಸುವುದಿಲ್ಲ. ಸಾವಿನ ಮನೆಯ ವರದಿಗೆ ಆ ವಾಕ್ಯ ಮೊದಲೇ ಸಿದ್ಧವಾಗಿತ್ತು. ಅವನು ಅಂಗಳಕ್ಕೆ ಕಾಲಿಡುವ ಮೊದಲೇ ಆಕ್ರಂದನ ಮುಗಿಲು ಮುಟ್ಟಿಯಾಗಿತ್ತು. ಕಂಬ, ಬಟ್ಟೆ, ಹಂಡೆಗೆ ಬೀಳುವ ನೀರು ಅವನ ಕಣ್ಣಿಗೂ ಬಿದ್ದಿರಬೇಕು, ಆದರೆ ಅವುಗಳನ್ನು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಇನ್ನು ‘ಕುಟುಂಬಸ್ಥರು’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಕುಟುಂಬಸ್ಥ ಎಂದರೆ ಸಂಸಾರವಂದಿಗ, ಹೆಂಡತಿ ಮಕ್ಕಳಿರುವ ಗೃಹಸ್ಥ. ತೀರಿಕೊಂಡವರ ತಾಯಿ, ತಂದೆ, ತಂಗಿಯನ್ನು ಕರೆಯುವುದಕ್ಕೆ ‘ಮನೆಯವರು’ ಎಂಬ ಮಾತಿದೆ. ಅದರಲ್ಲಿ ಮನೆ ಇದೆ. ಗಾಯಾಳುಗಳಿಗೆ, ಮೃತರಿಗೆ, ಸಂತ್ರಸ್ತರಿಗೆ ಒಂದೊಂದು ಅಚ್ಚಿನ ಶಬ್ದವನ್ನು ಇಟ್ಟುಕೊಂಡು ಅದರಲ್ಲಿ ಎಲ್ಲರನ್ನೂ ಸುರಿಯುವುದರಿಂದ ಕೆಲಸ ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಆ ಮನೆಯವರು ಕೂಡ ಅದೇ ಸುದ್ದಿಯನ್ನು ಕೇಳುತ್ತಾರೆ.

ಕೊರೋನಾ ಕಾಲದಲ್ಲಿ ಇದೇ ಅಭ್ಯಾಸ ಎಷ್ಟು ಹಾನಿ ಮಾಡಿತೆಂಬುದನ್ನು ಅನೇಕರು ಮರೆತಿರಲಾರರು. ‘ಸೋಂಕು’, ‘ಸೋಂಕಿತರು’, ‘ಗುಣಮುಖರು’, ‘ಸಂಪರ್ಕಿತರು’ ಎಂಬ ತಿಳಿಯಾದ ಶಬ್ದಗಳು ಆರೋಗ್ಯ ಇಲಾಖೆಯ ದಿನದ ಪ್ರಕಟಣೆಯಲ್ಲಿ ಜಿಲ್ಲಾವಾರು ಅಂಕಿಗಳೊಂದಿಗೆ ಬರುತ್ತಿದ್ದವು. ಟಿವಿಯಲ್ಲಿ ಅವು ‘ಹೆಮ್ಮಾರಿ’, ‘ರಣಕೇಕೆ’, ‘ಕೊರೋನಾ ಬಾಂಬ್’ ಆದವು. ಬಾಂಬ್ ಬಿದ್ದ ಮನೆ ಎಂದು ಕರೆಸಿಕೊಂಡ ಮನೆಗೆ ಹಾಲು ಕೊಡಲು ಹೋಗುವವರು ಯಾರು?

ಇಲ್ಲಿಯವರೆಗೆ ಹೇಳಿದ್ದು ಬರೆದುಕೊಂಡು ಓದುವ ಭಾಗದ ಮಾತು. ನೇರಪ್ರಸಾರದ ಭಾಗದ ಕಾಯಿಲೆ ಬೇರೆ, ಮತ್ತು ನನ್ನ ತಿಳಿವಳಿಕೆಯಲ್ಲಿ ಅದು ಇನ್ನೂ ಆಳವಾದದ್ದು. ಸ್ಥಳದಿಂದ ಮಾತಾಡುವ ವರದಿಗಾರರ ಬಾಯಿಂದ ನಾನು ಬರೆದುಕೊಂಡ ವಾಕ್ಯಗಳ ಮಾದರಿ ಇದು: ‘ಈ ಒಂದು ಸೇತುವೆ ಏನಿದೆ, ಈ ಸೇತುವೆ ಕುಸಿದಿರುವಂಥದ್ದು, ಸದ್ಯಕ್ಕೆ ಅಧಿಕಾರಿಗಳು ಆಗಿರಬಹುದು, ಪೊಲೀಸರು ಆಗಿರಬಹುದು, ಸ್ಥಳಕ್ಕೆ ಬಂದು ಪರಿಶೀಲನೆ ಮಾಡುವಂಥ ಕೆಲಸವನ್ನು ಮಾಡ್ತಾ ಇರುವಂಥದ್ದು, ಎಲ್ಲೋ ಒಂದು ಕಡೆ ನಿರ್ಲಕ್ಷ್ಯ ಅಂತಾನೇ ಹೇಳಬಹುದು.’ ಇದರ ತಿರುಳು ಇಷ್ಟೇ: ಸೇತುವೆ ಕುಸಿದಿದೆ, ಅಧಿಕಾರಿಗಳೂ ಪೊಲೀಸರೂ ಬಂದು ನೋಡುತ್ತಿದ್ದಾರೆ.

‘ಅಂಥದ್ದು’ ಏಕೆ ಇಷ್ಟು ಹಬ್ಬಿತು ಎಂದು ಯೋಚಿಸುತ್ತ ಹೋದಂತೆ ನನಗೆ ವರದಿಗಾರರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ಸೇತುವೆ ಕುಸಿದಿದೆ’ ಎಂದೊಡನೆ ಬಾಗಿಲು ಹಾಕಿದಂತೆ; ಮುಂದಿನ ವಾಕ್ಯಕ್ಕೆ ಮುಂದಿನ ಸಂಗತಿ ಬೇಕು. ಮಳೆಯಲ್ಲಿ ಕೊಡೆ ಹಿಡಿದು, ಕಿವಿಯಲ್ಲಿ ಸ್ಟುಡಿಯೋದ ಪ್ರಶ್ನೆಗಳನ್ನು ತುಂಬಿಕೊಂಡು ನಿಂತ ಆ ಹುಡುಗ ಅಥವಾ ಹುಡುಗಿಯ ಬಳಿ ಎರಡೇ ಸಂಗತಿಗಳಿರುತ್ತವೆ. ತುಂಬಬೇಕಾದದ್ದು ಐದು ನಿಮಿಷ. ‘ಕುಸಿದಿರುವಂಥದ್ದು’ ಎಂದರೆ ಬಾಗಿಲು ಪೂರ್ತಿ ಹಾಕಿದಂತಾಗುವುದಿಲ್ಲ, ಸ್ವಲ್ಪ ತೆರೆದೇ ಇರುತ್ತದೆ, ಅಷ್ಟರಲ್ಲಿ ಮುಂದಿನ ಮಾತು ಹೊಳೆದೀತು ಎಂಬ ಆಸೆ. ಹಾಗಾಗಿ ಈ ದೋಷವನ್ನು ಮೈಕು ಹಿಡಿದವರ ತಲೆಗೆ ಕಟ್ಟುವುದಕ್ಕಿಂತ, ಎರಡು ಸಂಗತಿಗಳಿಗೆ ಐದು ನಿಮಿಷ ಕೊಡುವ ಸ್ಟುಡಿಯೋದವರ ತಲೆಗೆ ಕಟ್ಟುವುದು ನ್ಯಾಯ. ಎರಡು ಸಂಗತಿಗೆ ನಲವತ್ತು ಸೆಕೆಂಡು ಸಾಕು.

‘ಆಗಿರಬಹುದು’ ಎಂಬುದನ್ನು ಮಾತ್ರ ಅಷ್ಟು ಸುಲಭವಾಗಿ ಕ್ಷಮಿಸಲಾರೆ, ಏಕೆಂದರೆ ಅದು ಅರ್ಥವನ್ನೇ ಕೆಡಿಸುತ್ತದೆ. ಹಲವನ್ನು ಒಟ್ಟಿಗೆ ಹೇಳುವಾಗ ಕನ್ನಡಿಗರು ‘ರಸ್ತೆಯಾಗಲಿ, ನೀರಾಗಲಿ, ಕರೆಂಟಾಗಲಿ’ ಎನ್ನುತ್ತಿದ್ದರು. ‘ಯಾರೇ ಆಗಿರಲಿ’ ಎನ್ನುತ್ತಿದ್ದರು. ಆ ‘ಆಗಲಿ’ ‘ಆಗಿರಲಿ’ಗಳ ಜಾಗದಲ್ಲಿ ಇಂದು ‘ರಸ್ತೆ ಆಗಿರಬಹುದು, ನೀರು ಆಗಿರಬಹುದು’ ಬಂದು ಕೂತಿದೆ. ‘ಇರಬಹುದು’ ಎಂದರೆ ಸಂಶಯ. ಇದ್ದರೂ ಇದ್ದೀತು, ಇಲ್ಲದಿದ್ದರೂ ಇಲ್ಲ. ಒಂದು ರಾತ್ರಿ ಗುಡ್ಡ ಕುಸಿತದ ಸುದ್ದಿಯಲ್ಲಿ ‘ಮೂರು ಮನೆಗಳು ಮಣ್ಣಿನಡಿ ಸಿಲುಕಿವೆ ಅಂತ ಹೇಳಬಹುದು’ ಎಂದರು. ನನ್ನ ತಾಯಿ ಕೇಳಿದರು: ‘ಸಿಲುಕಿವೆಯಾ, ಇಲ್ಲವಾ?’ ಅವರ ತವರಿನ ಕಡೆಯ ಬಂಧುಗಳ ಮನೆ ಆ ಗುಡ್ಡದ ಬುಡದಲ್ಲಿಯೇ ಇದೆ. ಮನೆಗಳು ಸಿಲುಕಿದ್ದು ನಿಜವೆಂದೂ, ನಮ್ಮವರದು ಅವುಗಳಲ್ಲಿ ಇಲ್ಲವೆಂದೂ ತಿಳಿದದ್ದು ಮರುದಿನ ಬೆಳಿಗ್ಗೆ ಫೋನಿನಲ್ಲಿ. ಖಚಿತವಾಗಿ ಗೊತ್ತಿದ್ದ ಸಂಗತಿಯನ್ನೂ ಸಂಶಯದ ಬಾಲ ಕಟ್ಟಿ ಹೇಳಿದ್ದರಿಂದ ಅವರು ಆ ರಾತ್ರಿ ನಿದ್ದೆ ಮಾಡಲಿಲ್ಲ.

‘ಎಲ್ಲೋ ಒಂದು ಕಡೆ’ಯ ಬಗ್ಗೆಯೂ ಇದೇ ತಕರಾರು. ಹಿಂದಿಯ ‘ಕಹೀ ನ ಕಹೀ’ಯನ್ನು ಎತ್ತಿ ತಂದಂತಿರುವ ಈ ಮಾತು, ಹೇಳುವವರನ್ನು ಹೇಳಿದ ಮಾತಿನ ಹೊಣೆಯಿಂದ ಪಾರುಮಾಡುತ್ತದೆ. ‘ಎಲ್ಲೋ ಒಂದು ಕಡೆ ನಿರ್ಲಕ್ಷ್ಯವಾಗಿದೆ’ ಎಂದರೆ ಯಾರದು, ಯಾವ ಕಡತ, ಯಾವ ದಿನ ಎಂದು ಕೇಳುವಂತಿಲ್ಲ. ‘ಮಾಡುವಂಥ ಕೆಲಸ ಆಗಬೇಕು’ ಎಂಬುದೂ ಹಾಗೆಯೇ: ‘ಪುರಸಭೆ ನೀರು ಕೊಡಬೇಕು’ ಎಂಬ ಮೂರು ಶಬ್ದಗಳ ವಾಕ್ಯದಲ್ಲಿ ಪುರಸಭೆ ಇದೆ, ‘ನೀರು ಕೊಡುವಂಥ ಕೆಲಸ ಆಗಬೇಕು’ ಎಂಬುದರಲ್ಲಿ ಕೆಲಸವಿದೆ, ಮಾಡಬೇಕಾದವರು ಮಾಯವಾಗಿದ್ದಾರೆ.

ಈ ಮಾತುಗಳು ಟಿವಿಯೊಳಗೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಾನಿದ್ದ ದಿನಗಳಲ್ಲಿಯೇ ನಡೆದ ಗ್ರಾಮಸಭೆಯಲ್ಲಿ, ಊರಿನಲ್ಲಿ ಚುರುಕಾಗಿ ಮಾತಾಡುತ್ತಾರೆಂದು ಹೆಸರಾದ ಸದಸ್ಯರೊಬ್ಬರು ಎದ್ದು ನಿಂತೊಡನೆ ಅವರ ಭಾಷೆ ಬದಲಾಯಿತು. ಅಡಿಕೆ ಚೇಣಿಯ, ಅಂದರೆ ಫಸಲಿನ ಗುತ್ತಿಗೆಯ, ವ್ಯವಹಾರವನ್ನು ನಾಲ್ಕು ಮಾತಿನಲ್ಲಿ ಮುಗಿಸಬಲ್ಲ ಆ ಮನುಷ್ಯ, ‘ಈ ಒಂದು ಭಾಗದಲ್ಲಿ ಏನು ಕಾಲುಸಂಕ ಇದೆ, ಅದನ್ನು ದುರಸ್ತಿ ಮಾಡುವಂಥ ಕೆಲಸ ಆಗಬೇಕಾಗಿರುವಂಥದ್ದು’ ಎಂದರು. ‘ಕಾಲುಸಂಕ ಮುರಿದಿದೆ, ಶಾಲೆಯ ಮಕ್ಕಳು ಹಳ್ಳ ದಾಟಲು ಆಗುತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದು ಸಭೆ ಮುಗಿದು ಚಹಾ ಕುಡಿಯುವಾಗ. ಸಭೆಯ ನಡಾವಳಿಯಲ್ಲಿ ಬರೆಯಲ್ಪಟ್ಟದ್ದು ಮೊದಲನೆಯ ವಾಕ್ಯ. ಟಿವಿಯಲ್ಲಿ ಕೇಳಿದ್ದನ್ನು ಜನ ಘನತೆಯ ಕನ್ನಡವೆಂದು ನಂಬಿದ್ದಾರೆ, ತಮ್ಮ ಮನೆಯ ಮಾತನ್ನು ಸಭೆಗೆ ತರಲು ಸಂಕೋಚಪಡುತ್ತಾರೆ ಎಂಬುದು ನನ್ನ ದೊಡ್ಡ ಕಳವಳ. ನಗರದ ಯುವಕರ ‘ಆಕ್ಚುಲಿ’, ‘ಬೇಸಿಕಲಿ’, ‘ಲಿಟ್ರಲಿ’, ‘ಸೋ’ ಮುಂತಾದವುಗಳ ಬಗ್ಗೆ ದೂರುವವರು ಬಹಳ ಜನರಿದ್ದಾರೆ. ಅವು ಉಸಿರು ತೆಗೆದುಕೊಳ್ಳಲು ಬಳಸುವ ಮಾತುಗಳು, ಅವುಗಳಿಂದ ಯಾರೂ ನಿದ್ದೆಗೆಡುವುದಿಲ್ಲ.

ಮೆಚ್ಚಬೇಕಾದದ್ದನ್ನೂ ಹೇಳಬೇಕು. ಈ ವಾಹಿನಿಯ ವರದಿಗಾರರು ಕಷ್ಟಪಡುತ್ತಾರೆ. ಜಿಲ್ಲಾ ಕೇಂದ್ರ ಬಿಟ್ಟು, ಬಸ್ಸು ಹೋಗದ ಊರುಗಳಿಗೂ ಮಳೆಯಲ್ಲಿ ಹೋಗುತ್ತಾರೆ. ಸುದ್ದಿ ಓದುವವರಲ್ಲಿ ಒಬ್ಬರ ಉಚ್ಚಾರ ಸ್ವಚ್ಛವಾಗಿದೆ, ಅಲ್ಪಪ್ರಾಣ ಮಹಾಪ್ರಾಣಗಳು ತಪ್ಪುವುದಿಲ್ಲ; ಅವರು ಓದುವ ರಾತ್ರಿಗಳಲ್ಲಿ ತಾಯಿಯ ಮುಖ ಸಡಿಲವಾಗಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ವರದಿಗಳ ನಡುವೆ ಜನರ ಮಾತನ್ನು ಕೇಳಿಸುತ್ತಾರೆ. ಕೃಷ್ಣಾ ತೀರದ ಪ್ರವಾಹದ ಸುದ್ದಿಯಲ್ಲಿ ಹೆಂಗಸೊಬ್ಬರು ಹೀಗೆ ಹೇಳಿದರು: ‘ನೀರ ಹೊಚ್ಚಲ ತನಾ ಬಂತ್ರೀ. ದನಾ ಬಿಚ್ಚಿ ದಿಬ್ಬದ ಕಡೆ ಹೊಡದ್ವಿ. ಕಾಳು ಕಡಿ ಎಲ್ಲಾ ಅಲ್ಲೇ ಬಿಟ್ಟು ಬಂದೀವ್ರೀ.’ ಹತ್ತು ಸೆಕೆಂಡೂ ಆಗಲಿಲ್ಲ. ನೀರು ಎಲ್ಲಿಯವರೆಗೆ ಬಂತು, ಮೊದಲು ಯಾರನ್ನು ಉಳಿಸಿಕೊಂಡರು, ಏನು ಹೋಯಿತು ಎಂಬುದೆಲ್ಲ ಅದರಲ್ಲಿತ್ತು. ಮಲೆನಾಡಿನ ನನ್ನ ತಾಯಿಗೆ ಆ ಕಡೆಯ ಮಾತು ಅಪರೂಪ, ಆದರೂ ಒಂದು ಶಬ್ದ ಬಿಡದೆ ಅರ್ಥವಾಯಿತು. ‘ಪಾಪ, ಬಿತ್ತನೆಯ ಕಾಳೂ ಹೋಯಿತೇನೋ’ ಎಂದರು. ಅದರ ಬೆನ್ನಿಗೇ ಬಂದ ನಿರೂಪಕರ ‘ಕೃಷ್ಣೆಯ ರುದ್ರನರ್ತನಕ್ಕೆ ನಲುಗಿದ ಬದುಕು’ ಎಂಬ ಮಾತು ಆ ಹೆಂಗಸಿನ ಮಾತನ್ನು ಒರೆಸಿಹಾಕಿತು.

ಹೋಲಿಕೆಗೆಂದು ಮೂರು ರಾತ್ರಿ ದೂರದರ್ಶನ ಚಂದನದ ವಾರ್ತೆಯನ್ನೂ, ಬೆಳಗಿನ ಹೊತ್ತು ಆಕಾಶವಾಣಿ ಭದ್ರಾವತಿಯನ್ನೂ ಹಾಕಿಕೊಟ್ಟೆ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ರೇಡಿಯೋದ ಪರಂಪರೆಯಂತೂ 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ನಡೆಸಿದ ಕೇಂದ್ರದಷ್ಟು ಹಳೆಯದು, ‘ಆಕಾಶವಾಣಿ’ ಎಂಬ ಹೆಸರೂ ಅಲ್ಲಿಯದೇ. ಪರದೆಯಿಲ್ಲದ ಮಾಧ್ಯಮಕ್ಕೆ ಕಿವಿಯ ಶಿಸ್ತು ಅನಿವಾರ್ಯವಾಗಿತ್ತು: ಮೊದಲು ಊರು, ಆಮೇಲೆ ಸಂಗತಿ, ಆಮೇಲೆ ಹೇಳಿದವರ ಹೆಸರು, ವಾಕ್ಯ ಮುಗಿದಲ್ಲಿ ನಿಲುಗಡೆ. ಆ ನಿಲುಗಡೆಯಲ್ಲಿ ಕೇಳುವವರು ಯೋಚಿಸುತ್ತಾರೆ. ಖಾಸಗಿ ವಾಹಿನಿಗಳಲ್ಲಿ ರೇಟಿಂಗ್ ಎಂಬುದು ನೋಡುಗರು ಎಷ್ಟು ಹೊತ್ತು ಚಾನೆಲ್ ಬದಲಿಸದೆ ಕೂತರು ಎಂಬುದರ ಲೆಕ್ಕವೂ ಆಗಿರುವುದರಿಂದ, ಯೋಚಿಸಲು ಬಿಟ್ಟ ನಿಲುಗಡೆಯೇ ಎದ್ದುಹೋಗುವ ಅವಕಾಶವೂ ಆಗಿಬಿಡುತ್ತದೆ ಎಂಬ ಭಯ ಅವರಿಗಿರಬೇಕು. ಭಯ ಅರ್ಥವಾಗುತ್ತದೆ. ಆದರೆ ಮೂರನೆಯ ಬೆಳಿಗ್ಗೆ ರೇಡಿಯೋ ಆರಿಸಲು ಹೋದಾಗ ತಾಯಿ ನನ್ನ ಕೈ ತಡೆದರು ಎಂಬುದನ್ನೂ ಅವರು ತಿಳಿಯಬೇಕು.

ಐದು ಅಂಕಗಳಲ್ಲಿ ನಾನು ಈ ಸೇವೆಗೆ ಎರಡು ಕೊಡುತ್ತೇನೆ: ಒಂದು ಮಳೆಯಲ್ಲಿ ನಿಂತ ವರದಿಗಾರರಿಗೆ, ಇನ್ನೊಂದು ಜಲಾಶಯದ ಆ ಒಂದು ನಿಮಿಷಕ್ಕೆ. ಕಣ್ಣು ಚೆನ್ನಾಗಿದ್ದು ಪರದೆಯ ಅಕ್ಷರಗಳನ್ನು ಓದಿಕೊಳ್ಳಬಲ್ಲವರು ಬೇಕಾದರೆ ನೋಡಲಿ. ಕೇಳಿ ತಿಳಿಯಬೇಕಾದ ಹಿರಿಯರಿರುವ ಮನೆಗೆ ಇದನ್ನು ಶಿಫಾರಸು ಮಾಡಲಾರೆ. ವಾಹಿನಿಯವರಿಗೆ ನಾನು ಪತ್ರ ಬರೆದಿದ್ದೇನೆ. ಶಬ್ದಗಳ ನಿಷೇಧವನ್ನು ಕೇಳಿಲ್ಲ. ಪ್ರತಿ ಸುದ್ದಿಯ ಮೊದಲ ವಾಕ್ಯದಲ್ಲಿ ಊರಿನ ಹೆಸರು ಮತ್ತು ನಡೆದದ್ದು ಇರಲಿ, ಮಳೆಯ ಸುದ್ದಿಯಲ್ಲಿ ಮಿಲಿಮೀಟರ್ ಇರಲಿ, ಗೊತ್ತಿರುವುದನ್ನು ‘ಹೇಳಬಹುದು’ ಎನ್ನದೆ ಹೇಳಿರಿ ಎಂದಷ್ಟೇ ಕೇಳಿದ್ದೇನೆ. ಉತ್ತರ ಬಂದಿಲ್ಲ.

ಐದನೆಯ ವಾರದ ಕೊನೆಯಲ್ಲಿ ಒಂದು ರಾತ್ರಿ ಮಳೆ ನಿಜವಾಗಿಯೂ ಜೋರಾಗಿತ್ತು. ಟಿವಿಯಲ್ಲಿ ತುಂಗೆಯ ರೌದ್ರಾವತಾರ ನಡೆಯುತ್ತಿತ್ತು. ಅಂದಿಗೆ ಅದು ಸತತ ಹತ್ತನೆಯ ರಾತ್ರಿ. ತಾಯಿ ಅದನ್ನು ಆರಿಸಲು ಹೇಳಿ, ತೀರ್ಥಹಳ್ಳಿಯಲ್ಲಿ ಸೇತುವೆಯ ಹತ್ತಿರವಿರುವ ನನ್ನ ಸೋದರಮಾವನಿಗೆ ಫೋನ್ ಮಾಡಿಸಿದರು. ‘ರಾಮಮಂಟಪ ಮುಳುಗಿತಾ?’ ಎಂದು ಕೇಳಿದರು. ಹೊಳೆಯ ನಡುವಿನ ಆ ಮಂಟಪ ನಮ್ಮ ಕಡೆಯವರಿಗೆ ತಲೆತಲಾಂತರದ ಅಳತೆಗೋಲು. ಮಾವ ಟಾರ್ಚ್ ಹಿಡಿದು ಹೋಗಿ ನೋಡಿ ಬಂದು, ‘ಕಂಬ ಪೂರ್ತಿ ಮುಳುಗಿದೆ, ಮೇಲಿನ ಕಲ್ಲು ಮಾತ್ರ ಕಾಣ್ತಾ ಇದೆ, ಸಂಜೆಯಿಂದ ಏರ್ತಾನೇ ಇದೆ’ ಎಂದರು. ತಾಯಿ ಫೋನ್ ಕೆಳಗಿಟ್ಟು, ‘ಹಾಗಾದರೆ ಬೆಳಗಿನ ಹೊತ್ತಿಗೆ ಕೆಳಗಿನ ತೋಟಕ್ಕೆ ನೀರು ಬರುತ್ತೆ, ಪಂಪು ಎತ್ತಿಸಿಬಿಡಿ’ ಎಂದರು. ನಾನು ಆಳನ್ನು ಕರೆದುಕೊಂಡು ಲಾಟೀನು ಹಿಡಿದು ಹೊಳೆಯ ದಡಕ್ಕೆ ಇಳಿದೆ. ಹನ್ನೊಂದೂವರೆಯ ಹೊತ್ತಿಗೆ ಪಂಪನ್ನು ಮೇಲಿನ ಕಣಕ್ಕೆ ತಂದು ಇಟ್ಟೆವು.